ಟಿಪ್ಪಿನ ಕೆಳಗಿನ ಪ್ಯಾಡ್ ಹೋಳಾಗಿದ್ದು ಯಾಕೆ, ಮುಂದೆ ಯಾವುದನ್ನು ಹಾಕಬೇಕು?

ಪ್ರಶ್ನೆ: ನನ್ನದು ಮೇಪಲ್ ಶಾಫ್ಟಿನ ಪೂಲ್ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು; ತುದಿ 12.75 ಮಿ.ಮೀ. ಶಾಫ್ಟಿನ ತುದಿಗೆ ತೊಡಿಸಿದ ಬಿಳಿ ಪ್ಲಾಸ್ಟಿಕ್ ಬಳೆ, ಫೆರೂಲ್, ಇದೆ. ಚೆಂಡಿಗೆ ತಾಗುವ ಚರ್ಮದ ಟಿಪ್ ತೆಗೆದಾಗ ಫೆರೂಲ್ ನಡುವೆ ದುಂಡಗೆ ಮರ ಕಾಣುತ್ತದೆ. ಪದರದ ಮೀಡಿಯಂ ಟಿಪ್, ಅದರ ಕೆಳಗೆ ಕೆಂಪು ಫೈಬರ್ ಪ್ಯಾಡ್, ಎರಡನ್ನೂ ನೀರಿನಂಥ ತೆಳು ಸೂಪರ್‌ಗ್ಲೂನಲ್ಲಿ ನಾನೇ ಅಂಟಿಸುತ್ತೇನೆ. ಅಂಚು ಸವರಿದ ಮೇಲೆ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಹೊಳಪು ಕೊಡುತ್ತೇನೆ. ಆಗ ಬಟ್ಟೆಗೆ ಸ್ವಲ್ಪ ಕೆಂಪು ಹತ್ತುತ್ತದೆ. ನಾಲ್ಕು ತಿಂಗಳಲ್ಲಿ ಎರಡು ಸಲ ಟಿಪ್ ಹಾರಿಹೋಯಿತು. ಎರಡೂ ಸಲ ಪ್ಯಾಡಿನ ಅರ್ಧ ದಪ್ಪ ಟಿಪ್ಪಿಗೆ, ಅರ್ಧ ದಪ್ಪ ಫೆರೂಲ್‌ಗೆ ಹತ್ತಿಕೊಂಡೇ ಇತ್ತು. ಜೊತೆಗೆ ಆಡುವವರಲ್ಲಿ ಒಬ್ಬರು ‘ಫೀನಾಲಿಕ್ (ರಾಳದ ಗಟ್ಟಿ ಪ್ಲಾಸ್ಟಿಕ್) ಹಾಕು, ಹೊಡೆತಕ್ಕೆ ಬಲ ಬರುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ‘ಪ್ಯಾಡೇ ಬೇಡ, ತುದಿ ಭಾರವಾಗಿ ಚೆಂಡು ದಾರಿ ತಪ್ಪುತ್ತೆ’ ಅನ್ನುತ್ತಾರೆ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಕತ್ತರಿಸಿ ಹಾಕು ಎಂದವರೂ ಉಂಟು. ಯಾವುದನ್ನು ಹಾಕಲಿ? ಎಷ್ಟು ದಪ್ಪ? ಪ್ಯಾಡ್ ಹಾಕದಿದ್ದರೆ ಫೆರೂಲ್ ಸೀಳುತ್ತದೆಯೇ?

ಉತ್ತರ: ಯಾವ ವಸ್ತು ಒಳ್ಳೆಯದು ಎಂದು ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ಬೇರೆ: ಅರ್ಧ ಪ್ಯಾಡ್ ಟಿಪ್ಪಿನಲ್ಲಿ, ಅರ್ಧ ಫೆರೂಲ್‌ನಲ್ಲಿ ಉಳಿಯಿತು ಎಂಬುದು. ಅಂದರೆ ನಿಮ್ಮ ಅಂಟು ಎರಡೂ ಕಡೆ ಚೆನ್ನಾಗಿಯೇ ಹಿಡಿದಿದೆ, ಬಿಟ್ಟಿದ್ದು ಪ್ಯಾಡಿನ ಒಡಲು. ವಸ್ತು ಬದಲಿಸುವ ಮೊದಲು ಅದು ಯಾಕೆ ಬಿಟ್ಟಿತು ಎಂದು ತಿಳಿದುಕೊಳ್ಳದಿದ್ದರೆ ಮೂರನೆಯ ಟಿಪ್ ಕೂಡ ಅದೇ ದಾರಿ ಹಿಡಿಯುತ್ತದೆ.

ಉದುರಿದ ಟಿಪ್ಪನ್ನು ಎಸೆಯಬೇಡಿ. ಅದರ ತಳವನ್ನೂ ಫೆರೂಲ್ ಮುಖವನ್ನೂ ಓರೆ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಗಾಜಿನಂತೆ ಹೊಳೆಯುವ ಅಂಟಿನ ಪೊರೆ ಇದ್ದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ ಅಂಟು ಆ ಮುಖಕ್ಕೆ ಕಚ್ಚಲೇ ಇಲ್ಲ; ಮುಖವನ್ನು ತರಿ ಮಾಡಿರಲಿಲ್ಲ, ಇಲ್ಲವೇ ಎಣ್ಣೆ, ಮೇಣ, ಕೈಬೆವರು ಇತ್ತು. ಅಂಚಿನ ಸುತ್ತ ಮಾತ್ರ ಬಳೆಯಂತೆ ಅಂಟು ಹಿಡಿದು ನಡುವೆ ಮಂಕಾಗಿದ್ದರೆ ಮುಖ ತಗ್ಗಾಗಿತ್ತು. ನಡುವೆ ಮಾತ್ರ ಹಿಡಿದು ಅಂಚು ಖಾಲಿ ಇದ್ದರೆ ಮುಖ ಉಬ್ಬಿತ್ತು. ಪ್ಯಾಡಿನ ಮೇಲೆ ಚರ್ಮದ ಜುಂಗು ಉಳಿದಿದ್ದರೆ ಟಿಪ್ಪಿನ ಕೆಳಪದರವೇ ಕಿತ್ತಿದೆ, ತಪ್ಪು ಟಿಪ್ಪಿನದು. ಎರಡೂ ಕಡೆ ಒಂದೇ ಬಣ್ಣದ, ಹರಿದ ರಟ್ಟಿನಂಥ ನಾರು ಕಂಡರೆ ಪ್ಯಾಡ್ ದಪ್ಪದ ನಡುವಿನಿಂದ ಬಿರಿದಿದೆ. ನಿಮ್ಮದು ಈ ಕೊನೆಯ ಜಾತಿ.

ಈಗ ಆ ಕೆಂಪು ವಸ್ತುವಿನ ವಿಚಾರ. ಹೆಸರು ವಲ್ಕನೈಸ್ಡ್ ಫೈಬರ್. ಹೆಸರಿನಲ್ಲಿ ವಲ್ಕನೈಸ್ಡ್ ಇದ್ದರೂ ಒಳಗೆ ರಬ್ಬರೂ ಇಲ್ಲ, ಗಂಧಕವೂ ಇಲ್ಲ. ಹತ್ತಿಬಟ್ಟೆಯ ಚಿಂದಿಯಿಂದ ಮಾಡಿದ ಕಾಗದದ ಹಾಳೆಗಳನ್ನು ಜಿಂಕ್ ಕ್ಲೋರೈಡ್ ದ್ರಾವಣದಲ್ಲಿ ಹಾಯಿಸಿದರೆ ನಾರಿನ ಮೈ ಜೆಲ್ಲಿಯಂತಾಗಿ ಹಾಳೆಗಳು ಒಂದರೊಳಗೊಂದು ಬೆಸೆಯುತ್ತವೆ. ಆಮೇಲೆ ಜಿಂಕ್ ಕ್ಲೋರೈಡನ್ನು ತೊಳೆದು ತೆಗೆದು, ಒಣಗಿಸಿ ಒತ್ತುತ್ತಾರೆ. ಇಂಗ್ಲೆಂಡಿನ ಥಾಮಸ್ ಟೇಲರ್ 1859ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೊಂಬಿನಷ್ಟು ಗಟ್ಟಿ, ಬಾಗಿಸಿದರೆ ಮುರಿಯದೆ ಹಿಂದಕ್ಕೆ ಬರುತ್ತದೆ, ಅಂಟನ್ನು ಚೆನ್ನಾಗಿ ಕುಡಿಯುತ್ತದೆ, ಬ್ಲೇಡಿಗೆ ಸುಲಭವಾಗಿ ಕತ್ತರಿಸುತ್ತದೆ. ಟಿಪ್ಪಿನ ಕೆಳಗೆ ಇದು ಇಷ್ಟು ಕಾಲ ಉಳಿದಿರುವುದು ಈ ಗುಣಗಳಿಂದಲೇ.

ಒಂದು ದೌರ್ಬಲ್ಯ ಮಾತ್ರ ಹುಟ್ಟಿನಿಂದಲೇ ಬಂದದ್ದು: ಇದು ನೀರು ಕುಡಿಯುತ್ತದೆ. ನಾರುಗಳೆಲ್ಲ ಹಾಳೆಯ ಉದ್ದಗಲದಲ್ಲಿ ಮಲಗಿರುವುದರಿಂದ ತೇವ ತಗಲಿದಾಗ ಅಗಲಕ್ಕಿಂತ ದಪ್ಪದಲ್ಲಿ ಹೆಚ್ಚು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ನೀವು ಅಂಚು ಸವರಿದಾಗ ನಾರಿನ ಕಡಿದ ತುದಿಗಳು ಸುತ್ತಲೂ ತೆರೆದುಕೊಂಡಿರುತ್ತವೆ. ಅಲ್ಲಿಗೇ ಒದ್ದೆ ಬಟ್ಟೆ ತಿಕ್ಕುತ್ತೀರಿ. ಬಟ್ಟೆಗೆ ಹತ್ತಿದ ಕೆಂಪು ಎಂದರೆ ನೀರು ಒಳಗೆ ಹೋಗಿ ಬಣ್ಣ ಹೊತ್ತುಕೊಂಡು ಹೊರಗೆ ಬಂದಿದೆ ಎಂದೇ ಅರ್ಥ.

ಇದಕ್ಕೆ ತೆಳು ಸೂಪರ್‌ಗ್ಲೂ ಸೇರಿಕೊಂಡಿದೆ. ನೀರಿನಂಥ ಅಂಟು ಪ್ಯಾಡಿನ ಎರಡೂ ಮೇಲ್ಮೈಯಲ್ಲಿ ಒಂದಿಷ್ಟು ಆಳಕ್ಕೆ ಇಳಿದು ಗಟ್ಟಿ ಚಿಪ್ಪಾಗುತ್ತದೆ, ನಡುಪದರಕ್ಕೆ ಮುಟ್ಟುವುದಿಲ್ಲ. ಎರಡು ಗಟ್ಟಿ ಚಿಪ್ಪುಗಳ ನಡುವೆ ತೇವಕ್ಕೆ ಉಬ್ಬಿ ಕುಗ್ಗುವ ಮೆತ್ತನೆಯ ಹೂರಣ ಇಟ್ಟಂತಾಯಿತು. ನಡುಗೆರೆಗೆ ಹೊಡೆದ ಹೊಡೆತವನ್ನು ಅದು ಹೇಗೋ ತಾಳುತ್ತದೆ. ಪಕ್ಕಕ್ಕೆ ಸ್ಪಿನ್ ಕೊಟ್ಟು ಹೊಡೆದಾಗ ಟಿಪ್ ಅಡ್ಡಕ್ಕೆ ಜಾರಲು ನೋಡುತ್ತದೆ, ಆ ಎಳೆತವೆಲ್ಲ ಬೀಳುವುದು ಈ ಹೂರಣದ ಮೇಲೆ.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಬಣ್ಣ ಹಾಕಿದ ಒತ್ತು ರಟ್ಟನ್ನೇ ಫೈಬರ್ ಎಂದು ಮಾರುವುದುಂಟು. ಉಳಿದ ಪ್ಯಾಡುಗಳಲ್ಲಿ ಒಂದನ್ನು ಲೋಟದ ನೀರಿನಲ್ಲಿ ಒಂದು ಗಂಟೆ ಬಿಡಿ. ರಟ್ಟಾದರೆ ಮೆತ್ತಗಾಗಿ ಉಗುರಿಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ನಿಜವಾದ ಫೈಬರ್ ಊದಿದರೂ ತೊಗಲಿನಂತೆ ಜಿಗುಟಾಗಿಯೇ ಇರುತ್ತದೆ.

ಗೆಳೆಯರ ಮಾತುಗಳಿಗೆ ಬರೋಣ. ‘ಪ್ಯಾಡ್ ಹಾಕಿದರೆ ತುದಿ ಭಾರವಾಗುತ್ತದೆ’ ಎಂಬುದರ ಹಿಂದಿನ ತತ್ವ ಸರಿಯೇ. ಟಿಪ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಅಡ್ಡ ಅಲುಗಾಟ ಶಾಫ್ಟಿನ ಮುಂತುದಿಯ ಒಂದಿಷ್ಟು ಉದ್ದಕ್ಕೆ ಮಾತ್ರ ಹರಡುತ್ತದೆ. ಆ ತುಂಡಿನ ತೂಕ ಹೆಚ್ಚಿದಷ್ಟೂ ಸೈಡ್ ಸ್ಪಿನ್ ಹೊಡೆತದಲ್ಲಿ ಕ್ಯೂ ಬಾಲ್ (ಕ್ಯೂ ಹೊಡೆಯುವ ಬಿಳಿ ಚೆಂಡು) ಗುರಿಯಿಂದ ಹೆಚ್ಚು ಸರಿಯುತ್ತದೆ. ಇದನ್ನೇ ಡಿಫ್ಲೆಕ್ಷನ್ ಅನ್ನುವುದು. ತತ್ವ ಒಪ್ಪಿಕೊಂಡು ಲೆಕ್ಕ ಹಾಕಿ ನೋಡಿ. 12.75 ಮಿ.ಮೀ. ಅಗಲ, 0.75 ಮಿ.ಮೀ. ದಪ್ಪದ ಬಿಲ್ಲೆಯ ಗಾತ್ರ ಸುಮಾರು 96 ಘನ ಮಿ.ಮೀ. ಫೈಬರ್ ಆದರೆ ತೂಕ ಸುಮಾರು 0.12 ಗ್ರಾಂ, ಫೀನಾಲಿಕ್ ಆದರೆ 0.13 ಗ್ರಾಂ. ನಿಮ್ಮ ಟಿಪ್ ಆಡಿ ಆಡಿ 1.5 ಮಿ.ಮೀ. ಸವೆದರೆ ಹೋಗುವ ಚರ್ಮವೇ 0.19 ಗ್ರಾಂ ಹತ್ತಿರ ಬರುತ್ತದೆ. ಹೊಸ ಟಿಪ್ಪಿಗೂ ಸವೆದ ಟಿಪ್ಪಿಗೂ ಗುರಿ ಬದಲಿಸದವರು ಪ್ಯಾಡಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

‘ಫೀನಾಲಿಕ್ ಪ್ಯಾಡ್ ಬಲ ಕೊಡುತ್ತದೆ’ ಎಂಬುದು ಆಟದ ಮೊದಲ ಹೊಡೆತಕ್ಕೆ ಬಳಸುವ ಬ್ರೇಕ್ ಕ್ಯೂಗಳಿಂದ ಹುಟ್ಟಿದ ಗೊಂದಲ. ಅಲ್ಲಿ ಹಲವಕ್ಕೆ ಟಿಪ್ಪೇ ಫೀನಾಲಿಕ್. ಚೆಂಡಿಗೆ ತಾಗುವುದೇ ಗಟ್ಟಿ ವಸ್ತುವಾದ್ದರಿಂದ ಶಕ್ತಿ ಕಡಿಮೆ ಪೋಲಾಗುತ್ತದೆ. ನಿಮ್ಮ ಕ್ಯೂನಲ್ಲಿ ತಾಗುವುದು ಐದಾರು ಮಿ.ಮೀ. ಮೆತ್ತನೆಯ ಚರ್ಮ. ಅಮುಕಿಕೊಳ್ಳುವುದೆಲ್ಲ ಅದೇ, ಅದರ ಕೆಳಗೆ ಮುಕ್ಕಾಲು ಮಿ.ಮೀ. ಫೈಬರ್ ಇರಲಿ, ಫೀನಾಲಿಕ್ ಇರಲಿ, ಅದರ ಅಮುಕಾಟ ಲೆಕ್ಕಕ್ಕೇ ಬರುವುದಿಲ್ಲ. ಸದ್ದು ಬದಲಾಗುವುದುಂಟು. ಫೈಬರ್ ಮೇಲೆ ‘ಟಪ್’ ಅನ್ನುವುದು ಫೀನಾಲಿಕ್ ಮೇಲೆ ‘ಟಕ್’ ಆಗಬಹುದು. ಕಿವಿಗೆ ಗಟ್ಟಿ ಕೇಳಿದ್ದನ್ನು ಕೈ ಬಲ ಎಂದು ನಂಬುತ್ತದೆ, ಅದು ಮನುಷ್ಯ ಸಹಜ. ಸದ್ದು ಇಷ್ಟವಾದರೆ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಪ್ಯಾಡ್ ಇರುವುದು ಯಾತಕ್ಕೆ? ಒಂದು, ಬಿರುಕು ಬಿಡುವ ಫೆರೂಲ್ ಮೇಲೆ ಹೊಡೆತವನ್ನು ಹರಡಲು. ಹಳೆಯ ದಂತದ ಫೆರೂಲ್‌ಗಳಿಗೆ ಇದು ಕಡ್ಡಾಯ, ಅಗ್ಗದ ಪ್ಲಾಸ್ಟಿಕ್ಕಿಗೂ ಬೇಕು. ಎರಡು, ಮುಂದೊಮ್ಮೆ ಟಿಪ್ ಕತ್ತರಿಸಿ ತೆಗೆಯುವಾಗ ಬ್ಲೇಡು ಫೆರೂಲ್ ಬದಲು ಪ್ಯಾಡನ್ನು ಕಚ್ಚಲಿ ಎಂದು. ಮೂರನೆಯದು ನಿಮ್ಮಂಥ ಕ್ಯೂಗೆ ಮುಖ್ಯ. ಫೆರೂಲ್ ನಡುವೆ ಕಾಣುವ ಮರ ಶಾಫ್ಟಿನದೇ ಮುಂದುವರಿದ ಭಾಗ, ಟೆನನ್. ಅದು ಅಡ್ಡಕ್ಕೆ ಕೊಯ್ದ ಮರ. ಕೊಳವೆಗಳ ಬಾಯಿ ಮೇಲಕ್ಕಿದ್ದು ಅಂಟನ್ನು ಹೀರಿ ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದ ಪ್ಲಾಸ್ಟಿಕ್ ಒಂದಿಷ್ಟೂ ಹೀರುವುದಿಲ್ಲ. ಒಂದೇ ಟಿಪ್ಪಿನ ತಳಕ್ಕೆ ಎರಡು ಬಗೆಯ ನೆಲ. ಸಾಲದೆಂಬಂತೆ ಮರ ಹವೆಗೆ ತಕ್ಕಂತೆ ಏರಿಳಿದು ಕೂದಲೆಳೆಯಷ್ಟು ಮೇಲೆ ಬರುತ್ತದೆ ಅಥವಾ ಕೆಳಗೆ ಹೋಗುತ್ತದೆ. ಕೊಂಚ ಬಗ್ಗುವ ಫೈಬರ್ ಈ ಎರಡೂ ನೆಲವನ್ನು ಒಂದೇ ಮುಖವಾಗಿ ಟಿಪ್ಪಿಗೆ ಒಪ್ಪಿಸುತ್ತದೆ.

ಇದಕ್ಕೆ ಎದುರು ತಕ್ಕಡಿಯಲ್ಲಿ ಇರುವುದು ಒಂದೇ ಮಾತು: ಪ್ಯಾಡ್ ಹಾಕಿದರೆ ಒಂದು ಬೆಸುಗೆಯ ಜಾಗದಲ್ಲಿ ಎರಡಾಗುತ್ತವೆ, ಬಿಡುವುದಕ್ಕೂ ಎರಡು ಜಾಗ. ಆದ್ದರಿಂದ ಬಟ್ಟೆ ಪದರದ ಫೀನಾಲಿಕ್‌ನಂಥ ಗಟ್ಟಿಮುಟ್ಟಾದ, ಮೇಲೆ ಮುಚ್ಚಿರುವ, ಮರ ಕಾಣದ ಫೆರೂಲ್ ಇದ್ದವರು ಪ್ಯಾಡ್ ಬಿಡುವುದೇ ವಾಸಿ. ಸ್ನೂಕರ್ ಕ್ಯೂನ ಹಿತ್ತಾಳೆ ಫೆರೂಲ್ ಸೀಳುವ ಜಾತಿಯದಲ್ಲ, ಅಲ್ಲಿಯೂ ಪ್ಯಾಡ್ ಐಚ್ಛಿಕ.

ನಿಮ್ಮ ಮುಂದಿರುವ ವಸ್ತುಗಳು ಇವು.

ಫೈಬರ್: ಕೆಂಪು, ಕಪ್ಪು, ಬಿಳಿ ಬಣ್ಣಗಳಲ್ಲಿ ಬರುತ್ತದೆ; ಬಣ್ಣದಿಂದ ಗುಣ ಬದಲಾಗುವುದಿಲ್ಲ, ಬಿಳಿ ಫೆರೂಲ್ ಮೇಲೆ ಬಣ್ಣ ಇಳಿದು ಕಲೆಯಾಗುವ ಕಾಟ ಮಾತ್ರ ಕಪ್ಪು, ಕೆಂಪು ಎರಡಕ್ಕೂ ಉಂಟು. ದಪ್ಪ 0.75 ಮಿ.ಮೀ. ಸಾಕು. 0.4ಕ್ಕಿಂತ ತೆಳುವಾದರೆ ಅಂಟು ಪೂರ್ತಿ ಕುಡಿದು ಹಪ್ಪಳದಂತಾಗುತ್ತದೆ. 1 ಮಿ.ಮೀ. ದಾಟಿದರೆ ತೇವಕ್ಕೆ ತೆರೆದ ಅಂಚು ಸುಮ್ಮನೆ ಹೆಚ್ಚಾಯಿತು.

ಫೀನಾಲಿಕ್: ನೀರಿಗೆ ಹೆದರುವುದಿಲ್ಲ, ಪದರವಾಗಿ ಬಿರಿಯುವುದು ಅಪರೂಪ. ಕೊಳ್ಳುವುದಾದರೆ ಬಟ್ಟೆ ಪದರದ್ದನ್ನು ಕೊಳ್ಳಿ. ಕಾಗದ ಪದರದ್ದು ಅಂಚು ಸವರುವಾಗ ಚಕ್ಕೆ ಏಳುತ್ತದೆ. ಆದರೆ ಇದು ಬಗ್ಗುವುದಿಲ್ಲ. ನಿಮ್ಮ ಟೆನನ್ ಕೂದಲೆಳೆಯಷ್ಟು ಮೇಲೆದ್ದರೂ ಕುಂಟು ಮಣೆಯಂತೆ ಅದರ ಮೇಲೆ ಆಡತೊಡಗಿ ಅಂಚಿನ ಅಂಟು ಮೊದಲು ಬಿಡುತ್ತದೆ. ಫೆರೂಲ್ ಇಲ್ಲದೆ, ಕೊಳವೆಯ ಅಂಚಿನ ಮೇಲೆಯೇ ಟಿಪ್ ಕೂರುವ ಕಾರ್ಬನ್ ಶಾಫ್ಟುಗಳಿಗೆ ಇದು ಹೇಳಿಮಾಡಿಸಿದ ವಸ್ತು. ಗಾಜಿನ ನಾರು ಮತ್ತು ಎಪಾಕ್ಸಿಯ ಜಿ-10 ಹಾಳೆಯೂ ಅದೇ ಕೆಲಸ ಮಾಡುತ್ತದೆ. ಇವನ್ನು ಉಜ್ಜುವಾಗ ಮಾಸ್ಕ್ ಹಾಕಲೇಬೇಕು. ಗಾಜಿನ ನಾರಿನ ದೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೇಡು.

ಪ್ಲಾಸ್ಟಿಕ್ ಕಾರ್ಡ್: ಈ ಸಲಹೆ ಹುಟ್ಟಿದ್ದು ಎಲ್ಲಿಂದ ಎಂದು ಊಹಿಸಬಹುದು, ಕಾರ್ಡಿನ ಪ್ರಮಾಣಿತ ದಪ್ಪ 0.76 ಮಿ.ಮೀ., ಪ್ಯಾಡಿಗೆ ಬೇಕಾದಷ್ಟೇ. ಸಾಮ್ಯ ಅಲ್ಲಿಗೆ ಮುಗಿಯಿತು. ಕಾರ್ಡು ಸಾಮಾನ್ಯವಾಗಿ ತೆಳು ಹಾಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು. ನಿಮ್ಮ ಪ್ಯಾಡ್ ಬಿರಿದ ಹಾಗೆಯೇ ಇದೂ ಪದರ ಬಿಡುತ್ತದೆ. ಪಿವಿಸಿ ಆದರೆ ಲೇತ್ ಮೇಲೆ ಸವರುವಾಗಿನ ಬಿಸಿಗೇ ಮೆತ್ತಗಾಗಿ ಬಳಿದುಕೊಳ್ಳುತ್ತದೆ. ಡಬ್ಬಿ ಮುಚ್ಚಳದ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಂತೂ ಸೂಪರ್‌ಗ್ಲೂ ಕಚ್ಚುವುದೇ ಇಲ್ಲ.

ಚರ್ಮ: ಅದು ಪ್ಯಾಡ್ ಆಗುವುದಿಲ್ಲ, ಟಿಪ್ಪಿಗೆ ಇನ್ನೊಂದು ಪದರವಾಗುತ್ತದೆ. ಹೊಡೆತಕ್ಕೆ ಹೊರಗೆ ಉಬ್ಬಿ ಫೆರೂಲ್ ಮೇಲೆ ಅಣಬೆಯಂತೆ ಹರಡುತ್ತದೆ.

ನಿಮಗೆ ನನ್ನ ಸಲಹೆ ಫೈಬರೇ, 0.75 ಮಿ.ಮೀ. ವಸ್ತು ಅದೇ ಇರಲಿ, ಅಂಟಿಸುವ ಕ್ರಮ ಬದಲಾಗಲಿ.

ಮೊದಲು ಫೆರೂಲ್ ಮುಖ. ಹಳೆಯ ಅಂಟನ್ನು ಬ್ಲೇಡ್ ಚಪ್ಪಟೆ ಹಿಡಿದು ಕೆರೆದು ತೆಗೆಯಿರಿ. ಅಸಿಟೋನ್ ಬಳಸಬೇಡಿ, ಅಂಟಿನ ಜೊತೆ ಕೆಲವು ಪ್ಲಾಸ್ಟಿಕ್ ಫೆರೂಲ್‌ಗಳನ್ನೂ ಕರಗಿಸುತ್ತದೆ. ಮುಖದ ಮೇಲೆ ಪೆನ್ಸಿಲಿನಲ್ಲಿ ಜಾಲರಿಯಂತೆ ಗೆರೆ ಎಳೆಯಿರಿ. ಗಾಜಿನ ಮೇಲೆ 220ರ ಸ್ಯಾಂಡ್‌ಪೇಪರ್ ಹರಡಿ, ಶಾಫ್ಟನ್ನು ಒಂದು ಚೌಕ ಮರದ ಗೂಟಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಒತ್ತದೆ ಎರಡು ಮೂರು ಸುತ್ತು ತಿರುಗಿಸಿ. ಗೆರೆ ಅಳಿದಲ್ಲಿ ಎತ್ತರ, ಉಳಿದಲ್ಲಿ ತಗ್ಗು. ನಡುವಿನ ಮರದ ಮೇಲೆ ಮಾತ್ರ ಗೆರೆ ಅಳಿದರೆ ಟೆನನ್ ಎದ್ದಿದೆ ಎಂದು ಗೊತ್ತಾಯಿತು. ಎಲ್ಲ ಗೆರೆಯೂ ಒಟ್ಟಿಗೆ ಮಾಯವಾಗುವವರೆಗೆ ಮಾಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ಬೆರಳು ಮುಟ್ಟಿಸಬೇಡಿ.

ಪ್ಯಾಡಿನ ಎರಡೂ ಮೈಗೆ ಕಾರ್ಖಾನೆಯ ಹೊಳಪಿರುತ್ತದೆ. ಅದು ಮಂಕಾಗುವಷ್ಟು ಉಜ್ಜಿ. ಟಿಪ್ಪಿನ ತಳವನ್ನೂ ಚಪ್ಪಟೆ ಕಾಗದದ ಮೇಲೆ ಎಂಟರ ಆಕಾರದಲ್ಲಿ ಓಡಿಸಿ. ಬೆರಳಲ್ಲಿ ಹಿಡಿದು ಕಾಗದ ಸವರಿದರೆ ಅಂಚು ದುಂಡಗಾಗುತ್ತದೆ. ದೂಳನ್ನು ಸೆಲ್ಲೋಟೇಪಿನಿಂದ ಎತ್ತಿ.

ಇಲ್ಲಿ ಒಂದು ಉಪಾಯ. ಪ್ಯಾಡನ್ನು ಮೊದಲು ಫೆರೂಲ್‌ಗೆ ಅಂಟಿಸಬೇಡಿ, ಟಿಪ್ಪಿಗೆ ಅಂಟಿಸಿ. ಜೆಲ್ ಸೂಪರ್‌ಗ್ಲೂ ಮೆಣಸಿನ ಕಾಳಿನಷ್ಟು ನಡುವೆ ಇಟ್ಟು, ಒತ್ತಿ ಕಾಲು ಸುತ್ತು ತಿರುಗಿಸಿದರೆ ಅಂಚಿನವರೆಗೆ ಹರಡುತ್ತದೆ. ಪಾಲಿಥೀನ್ ಹಾಳೆಯ ಮೇಲೆ ಇಟ್ಟು ಭಾರ ಹೇರಿ ರಾತ್ರಿಯಿಡೀ ಬಿಡಿ. ಅಂಟಿಸುವಾಗ ಪ್ಯಾಡ್ ಸ್ವಲ್ಪ ಬಾಗಿದ್ದರೂ ಬೆಳಿಗ್ಗೆ ಅದರ ತಳವನ್ನು ಮತ್ತೆ ಗಾಜಿನ ಮೇಲೆ ಉಜ್ಜಿ ನೇರ ಮಾಡಿಕೊಳ್ಳಬಹುದು. ಫೆರೂಲ್ ಮೇಲೆ ಒಮ್ಮೆ ಹತ್ತಿದ ಮೇಲೆ ಈ ಅವಕಾಶ ಇಲ್ಲ.

ಮರುದಿನ ಇದನ್ನು ಫೆರೂಲ್‌ಗೆ ಕೂರಿಸುವ ಮೊದಲು ಟೆನನ್ನಿನ ಮರಕ್ಕೆ ಮಾತ್ರ ಒಂದು ಹನಿ ತೆಳು ಅಂಟು ಕುಡಿಸಿ, ಒಣಗಿಸಿ, 220ರಲ್ಲಿ ಒಂದು ಸುತ್ತು ಸವರಿ. ನಿಮ್ಮ ಬಳಿ ಇರುವ ತೆಳು ಅಂಟಿನ ಸರಿಯಾದ ಜಾಗ ಇದು. ಮರ ಹೊಟ್ಟೆ ತುಂಬಿಸಿಕೊಂಡಿರುವುದರಿಂದ ಮುಂದೆ ಹಾಕುವ ಜೆಲ್ಲನ್ನು ಎಳೆದುಕೊಳ್ಳುವುದಿಲ್ಲ. ಆಮೇಲೆ ಜೆಲ್ ಹಾಕಿ, ಕೂರಿಸಿ, ಒಂದೂವರೆ ನಿಮಿಷ ನೆಟ್ಟಗೆ ಒತ್ತಿ ಹಿಡಿಯಿರಿ. ಬೇಗ ಒಣಗಿಸುವ ಸ್ಪ್ರೇ ಹೊಡೆಯಬೇಡಿ, ಅಂಟು ನೊರೆಯಾಗಿ ಪುಡಿಪುಡಿಯಾಗುತ್ತದೆ. ಆಡಲು 24 ಗಂಟೆ ಕಾಯಿರಿ.

ಸವರುವಾಗ ಫೆರೂಲ್‌ಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಸುತ್ತಿ. ಟಿಪ್ಪನ್ನು ಕೆಳಮುಖವಾಗಿ ಮಣೆಯ ಮೇಲೆ ಊರಿ, ಹೊಸ ಬ್ಲೇಡನ್ನು ಪ್ಯಾಡಿನಿಂದ ಮಣೆಯ ಕಡೆಗೆ ಇಳಿಸಿ. ಹೀಗೆ ಕತ್ತರಿಸಿದರೆ ಬ್ಲೇಡು ಪ್ಯಾಡನ್ನು ಟಿಪ್ಪಿನ ಮೇಲೆ ಒತ್ತುತ್ತದೆ. ತಲೆಕೆಳಗು ಮಾಡಿದರೆ ಪದರವನ್ನು ಮೀಟಿ ಎಬ್ಬಿಸುತ್ತದೆ. 320, ಆಮೇಲೆ 600ರ ಕಾಗದ, ಎರಡೂ ಒಣಗಿಯೇ. ಈಗ ಒಂದು ಕಾಗದದ ಚೂಪು ತುದಿಗೆ ತೆಳು ಅಂಟು ಮುಟ್ಟಿಸಿ ಪ್ಯಾಡಿನ ಅಂಚಿನ ಗೆರೆಗೆ ಮಾತ್ರ ಸುತ್ತಲೂ ಸವರಿ. ತೆರೆದ ನಾರಿನ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಚರ್ಮಕ್ಕೆ ಹರಿದರೆ ಅಲ್ಲಿ ಗಟ್ಟಿಯಾಗುತ್ತದೆ, ದೊಡ್ಡ ನಷ್ಟವಿಲ್ಲ. ಒಣಗಿದ ಮೇಲೆ 1000ದ ಕಾಗದ, ಕೊನೆಗೆ ಒಣ ಚರ್ಮದ ತುಂಡಿನಲ್ಲಿ ತಿಕ್ಕಿದರೆ ನಿಮಗೆ ಬೇಕಾದ ಹೊಳಪು ನೀರಿಲ್ಲದೆಯೇ ಬರುತ್ತದೆ. ಬಟ್ಟೆಗೆ ಕೆಂಪು ಹತ್ತದಿದ್ದರೆ ಅಂಚು ಮುಚ್ಚಿದೆ.

ಉಳಿದ ಪ್ಯಾಡುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತಟ್ಟೆಯಂತೆ ಬಾಗಿದ್ದನ್ನು ಬಳಸಬೇಡಿ.

ಪ್ಯಾಡ್ ಬಿಟ್ಟರೆ ಫೆರೂಲ್ ಸೀಳುತ್ತದೆಯೇ ಎಂದಿದ್ದೀರಿ. ಒಂದೇ ದಿನದಲ್ಲಿ ಸೀಳುವುದಿಲ್ಲ. ಮರ ಕಾಣುವ ಫೆರೂಲ್‌ನಲ್ಲಿ ಹೊಡೆತದ ಒಂದು ಪಾಲನ್ನು ಟೆನನ್ ಹೊರುತ್ತದೆ. ಟಿಪ್ ಚೆನ್ನಾಗಿ ಎತ್ತರ ಇರುವವರೆಗೆ ಪ್ಲಾಸ್ಟಿಕ್ ತಾಳಿಕೊಳ್ಳುತ್ತದೆ. ಚರ್ಮ 2 ಮಿ.ಮೀ.ಗಿಂತ ಕೆಳಗಿಳಿದ ಮೇಲೂ ಆಡಿದರೆ ಅಂಚಿನ ಹೊಡೆತ ನೇರ ಪ್ಲಾಸ್ಟಿಕ್ ಅಂಚಿಗೆ ಬೀಳುತ್ತದೆ, ಸೀಳು ಶುರುವಾಗುವುದು ಅಲ್ಲಿ. ಈಗಲೇ ಉದ್ದುದ್ದ ಕೂದಲಿನಂಥ ಗೆರೆ ಇದೆಯೇ ಎಂದು ಫೆರೂಲ್ ಮೇಲೆ ಟಿಪ್ಪಿಗೆ ಹಚ್ಚುವ ನೀಲಿ ಚಾಕ್ ಪುಡಿ ಸವರಿ ಒರೆಸಿ ನೋಡಿ. ಬಿರುಕಿದ್ದರೆ ನೀಲಿ ಗೆರೆ ಉಳಿಯುತ್ತದೆ. ಉಳಿದರೆ ಪ್ಯಾಡಿನ ಮಾತು ಬಿಡಿ, ಫೆರೂಲ್ ಬದಲಿಸಬೇಕು.

ಇಷ್ಟೆಲ್ಲ ಮಾಡಿಯೂ ಪ್ಯಾಡ್ ಮತ್ತೆ ನಡುವಿನಿಂದ ಬಿರಿದರೆ, ಪೆನ್ಸಿಲ್ ಗೆರೆಯ ಪರೀಕ್ಷೆಯನ್ನು ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಮಟ್ಟ ಮಾಡಿದ ಮೇಲೂ ಟೆನನ್ ಮತ್ತೆ ಎದ್ದಿದ್ದರೆ ಫೆರೂಲ್ ಒಳಗಿನ ಅಂಟು ಬಿಟ್ಟು ಅದು ಮರದ ಮೇಲೆ ಕೆಳಕ್ಕೆ ಸರಿಯುತ್ತಿದೆ. ಅದು ಕೈಯಲ್ಲಿ ಮಾಡುವ ಕೆಲಸವಲ್ಲ. ಫೆರೂಲ್ ಬಿಚ್ಚಿ ಮತ್ತೆ ಅಂಟಿಸಿ, ಲೇತ್ ಮೇಲೆ 0.2 ಮಿ.ಮೀ. ಮುಖ ತೆಗೆದುಕೊಡುವವರ ಬಳಿ ಶಾಫ್ಟ್ ಒಯ್ಯಿರಿ.